ಹದ್ದಿನ ಬಿಳಿ ಹಿಕ್ಕೆ

ಸೊಕ್ಕೆ ಊರಿನ ನಮ್ಮ ಹಿತ್ತಲಿಗೆ ಹದ್ದೊಂದು ಕರೆಂಟ್ ತಂತಿ ತಗುಲಿ ಬಿತ್ತು. ಒಂದು ರೆಕ್ಕೆ ಜೋತಿತ್ತು. ನೋಟ ಮಾತ್ರ ಯಾರಿಗೂ ಸೊಪ್ಪು ಹಾಕುವಂಥದ್ದಲ್ಲ. ಪಶುವೈದ್ಯರು ರಜೆಯಲ್ಲಿದ್ದರು, ಬರುವುದಕ್ಕೆ ಇನ್ನೂ ಎಂಟು ದಿನ. ಅಲ್ಲಿಯವರೆಗೆ ಅದನ್ನು ಉಳಿಸಿಕೊಳ್ಳಲೇಬೇಕೆಂದು ನಾನೂ ಅವ್ವನೂ ಹಟ ತೊಟ್ಟೆವು.

ಕೋಳಿ ಕವುಚುವ ಬುಟ್ಟಿಯಲ್ಲಿ ಇಟ್ಟೆವು. ಮಾಂಸದಂಗಡಿಯ ಚಾಚಾ ಕೊಟ್ಟ ಚೂರುಗಳನ್ನು ಗಬಗಬ ನುಂಗಿತು. ಮರುದಿನ ಬುಟ್ಟಿಯ ಸಂದಿಗಳಿಂದ ಪಕ್ಕದ ಗೋಡೆಯ ತುಂಬ ಸುಣ್ಣ ಎರಚಿದಂತೆ ಬಿಳಿ ಹಿಕ್ಕೆ. ಅವ್ವ ಬದುಕಿಡೀ ಕೋಳಿ ಸಾಕಿದವಳು. ಕೋಳಿಯ ಹಿಕ್ಕೆಯಲ್ಲಿ ಬೊಟ್ಟಿನಷ್ಟು ಬಿಳಿ ಇದ್ದರೆ ಸರಿ, ಪೂರ್ತಿ ಬಿಳಿಯಾದರೆ ರೋಗ ಎಂಬುದು ಅವಳ ಲೆಕ್ಕ.

"ಬಿಳಿ ಭೇದಿ ಹತ್ತೈತೆ ಕಣೇ. ಮಾಂಸ ನಿಲ್ಸು, ಗಂಜಿ ಕುಡ್ಸು" ಅಂದಳು.

ನಾನೂ ಒಪ್ಪಿದೆ. ಕೊಕ್ಕು ಬಿಡಿಸಿ ಹನಿಹನಿಯಾಗಿ ರಾಗಿ ಗಂಜಿ ಹಾಕಿದೆವು. ನಾಲ್ಕನೇ ದಿನ ಬಿಳಿ ಕಡಿಮೆಯಾಗಿ ಹಿಕ್ಕೆ ಹಸಿರಾಯಿತು. ಭೇದಿ ನಿಂತಿತೆಂದು ಇಬ್ಬರೂ ಎಷ್ಟು ಹಿಗ್ಗಿದೆವು! ಹದ್ದು ಕಣ್ಣು ಮುಚ್ಚಿ ಕೂರತೊಡಗಿದಾಗ, ಪಾಪ, ನಿದ್ದೆ ಹತ್ತಿದೆ ಎಂದುಕೊಂಡೆ.

ವೈದ್ಯರು ಬಂದವರೇ ಅದರ ಎದೆಯ ಮೂಳೆ ಸವರಿ ನೋಡಿದರು. ಮಾಂಸವೇ ಉಳಿದಿರಲಿಲ್ಲ. ಬಿಳಿ ಭೇದಿ, ಗಂಜಿ, ಹಸಿರು ಹಿಕ್ಕೆ ಎಲ್ಲವನ್ನೂ ಹೇಳಿದೆ.

"ಅದು ಭೇದಿ ಅಲ್ಲ ಮೇಡಂ, ಅದರ ಉಚ್ಚೆ. ಮಾಂಸದಾಗಿನ ಸಾರಜನಕ ಮೈಯಾಗೆ ಉಳಿದ್ರೆ ವಿಷ. ನಾವು ಅದನ್ನ ನೀರಿನ ಜೊತೆ ಹೊರಗೆ ಹಾಕ್ತೀವಿ. ಹಕ್ಕಿ ನೀರು ಉಳಿಸಾಕೆ ಯೂರಿಕ್ ಆಮ್ಲ ಮಾಡಿ ಬಿಳಿ ಬಿಡ್ತೈತೆ. ಮಾಂಸ ತಿನ್ನೋ ಹಕ್ಕಿಗೆ ಬಿಳಿ ಜಾಸ್ತೀನೇ. ಹಸಿರು ಬಂತು ಅಂದ್ರೆ ಹೊಟ್ಟೆ ಖಾಲಿ, ಬರೀ ಪಿತ್ತ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪಕ್ಷಿಗಳ ಸಾರಜನಕ ತ್ಯಾಜ್ಯ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಉತ್ತರ ನನ್ನದೇ ಗೋಡೆಯ ಮೇಲೆ ಬಿದ್ದಾಗ ಬಕೆಟ್ ತಂದು ತೊಳೆದಿದ್ದೆ. ಈಗಲೂ ನಾಚಿಕೆಯಾಗುತ್ತದೆ.

ವೈದ್ಯರು ಕುರಿಯ ಲಿವರಿನ ಚೂರನ್ನು ಕೊಕ್ಕಿಗೆ ಹಿಡಿದರು. ನುಂಗುವ ಶಕ್ತಿ ಇರಲಿಲ್ಲ. ಮಧ್ಯಾಹ್ನದೊಳಗೆ ಹದ್ದಿನ ಕತ್ತು ವಾಲಿತು.

ಅವ್ವ ಅದರ ರೆಕ್ಕೆಯನ್ನು ಮಡಚಿ ಸರಿಮಾಡಿದಳು.

"ಕೋಳಿಮರಿ ಒಯ್ತಾವೆ ಅಂತ ಇವಕ್ಕೆ ಎಷ್ಟು ಕಲ್ಲು ಬೀಸೀನಿ, ಒಂದೂ ಸಾಯ್ಲಿಲ್ಲ" ಅಂದಳು. "ಇದನ್ನ ಉಳಿಸಾಕೆ ಹೋಗಿ ಕೊಂದೆ ನೋಡು."