ಅಕ್ಕನ ಜೊತೆ ಪಿಜ್ಜಾ

ಆಟೋ ಸಿಗದೇ ಹೋಗಬಹುದಿತ್ತು. ಅಕ್ಕನ ಮಂಡಿಗೆ ಹೋಟೆಲಿನ ಮೆಟ್ಟಿಲು ಜಾಸ್ತಿಯಾಗಬಹುದಿತ್ತು. ಅವತ್ತೇ ಏಕಾದಶಿ ಬಿದ್ದಿರಬಹುದಿತ್ತು, ಪಂಚಾಂಗ ಎರಡು ಸಲ ನೋಡಿದ್ದೆ. ಸಾಸ್‌ನಲ್ಲಿ ಬೆಳ್ಳುಳ್ಳಿ ಇರಬಹುದಿತ್ತು, ಅದಕ್ಕೂ ಹಿಂದಿನ ದಿನವೇ ಫೋನ್ ಮಾಡಿ, ಹಾಕಲ್ಲ ಅಂತ ಅಲ್ಲಿನವರ ಬಾಯಲ್ಲೇ ಹೇಳಿಸಿದ್ದೆ. ಐವತ್ತು ದಾಟಿದ ಮೇಲೆ ನಾನು ಹೋಟೆಲಿಗೆ ಹೋಗುವುದೂ ಪರೀಕ್ಷೆಗೆ ಹೋದ ಹಾಗೆಯೇ.

ಬಸವನಗುಡಿಯ ಹಳೇ ಬಂಗಲೆಯಲ್ಲಿರುವ ಆ ಇಟಾಲಿಯನ್ ಹೋಟೆಲಿಗೆ ಹೋಗಿಬನ್ನಿ ಅಂತ ಸಿಕ್ಕವರಿಗೆಲ್ಲ ಹೇಳುತ್ತೇನೆ. ಸೌದೆ ಒಲೆಯಲ್ಲಿ ಬೆಂದ ಪಿಜ್ಜಾದ ಅಂಚು ಅಷ್ಟು ರುಚಿ. ಆದರೆ ಅಕ್ಕನನ್ನು ಕರೆದುಕೊಂಡು ಹೋಗಿದ್ದಕ್ಕೆ ಬೇರೆ ಆಸೆಯಿತ್ತು. ಚಿಕ್ಕವರಿದ್ದಾಗ ಏನು ಸಿಕ್ಕರೂ ಹಂಚಿಕೊಂಡೇ ತಿನ್ನುತ್ತಿದ್ದೆವು. ಎಂಜಲು ಅಂತ ಅಮ್ಮ ಬೈದರೆ ಅಕ್ಕ ಸೀಬೆಕಾಯನ್ನು ಲಂಗದ ಅಂಚಿನಲ್ಲಿ ಸುತ್ತಿ ಕಚ್ಚಿ, "ಇದು ಕಾಗೆ ಎಂಜಲು, ಪರವಾಗಿಲ್ಲ" ಅಂತ ನನ್ನ ಪಾಲು ಕೊಡುತ್ತಿದ್ದಳು. ಮದುವೆಯಾಗಿ ಹೋದ ಮನೆಯಲ್ಲಿ ಮಡಿ ಜಾಸ್ತಿ. ಆಮೇಲೆ ಅವಳ ತಟ್ಟೆಗೆ ಕೈ ಹಾಕುವ ಧೈರ್ಯ ನನಗೆ ಬರಲೇ ಇಲ್ಲ.

ಹೋಟೆಲಿನಲ್ಲಿ ಹೆದರಿದ್ದು ಯಾವುದೂ ಆಗಲಿಲ್ಲ. ಅವಳು ಕೈ ತೊಳೆಯಲು ಹೋದಾಗ ನಾನೇ ಆರ್ಡರ್ ಕೊಟ್ಟೆ. ಎರಡು ತಟ್ಟೆಯಲ್ಲಿ ಎರಡು ಪಿಜ್ಜಾ ಬಂದ ಮೇಲೆ ಅಕ್ಕ ಕೇಳಿದಳು.

"ಇದೇನೋ, ಎರಡ್ಯಾಕೆ?"

"ನಿನಗೆ ಎಂಜಲು ಆಗಲ್ವಲ್ಲ ಅಂತ."

"ಅದೆಲ್ಲಾ ನಮ್ಮತ್ತೆ ಇದ್ದಾಗ ಕಣೋ ಪೆದ್ದ. ಒಂದ್ ಮಾತು ಕೇಳೋಕೇನಾಗಿತ್ತು ನಿಂಗೆ?"

ಎದುರುಬದುರು ಕೂತು ಅವಳದನ್ನು ಅವಳು, ನನ್ನದನ್ನು ನಾನು ತಿಂದು ಮುಗಿಸಿದೆವು.