ಲೈಬ್ರರಿ ಅಂಕಲ್ ಸ್ಕೂಟರ್ ಕಲಿತದ್ದು

ಹೋದ ವಾರ ನನ್ನ ಹತ್ತಿರ ಸ್ಕೂಟರ್ ಕಲಿಯುವ ಹೆಂಗಸೊಬ್ಬರು ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯುವಾಗ ಜೊತೆಗೆ ಒಂದು ಹಳೇ ಪುಸ್ತಕವೂ ಹೊರಬಂತು. ಫುಟ್‌ಪಾತಿನಲ್ಲಿ ಕೊಂಡದ್ದಂತೆ. ಕಂದು ಕಾಗದದ ಬೈಂಡು, ಪುಟಪುಟಕ್ಕೂ ನುಸಿಗುಳಿಗೆಯ ವಾಸನೆ. ಆ ವಾಸನೆಗೆ ನಾನು ಜೆ.ಪಿ. ನಗರದ ಮೈದಾನದಲ್ಲಿ ನಿಂತಿದ್ದೇನೆ ಅನ್ನುವುದೇ ಮರೆತುಹೋಯಿತು. ಜಯನಗರದ ಒಂದು ಮನೆಯ ಕಾರ್ ಶೆಡ್ಡು, ಮೂರು ಗೋಡೆಗೂ ಪುಸ್ತಕ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಲೈಬ್ರರಿ ಅಂಕಲ್...

ಅಲ್ಲಿಗೆ ನಾನು ಮೊದಲ ಸಲ ಹೋದದ್ದು ಗಾರ್ಮೆಂಟ್ಸ್ ಕೆಲಸ ಹೋದ ಮೇಲೆ. ಅರೆಕೆರೆಯ ನಮ್ಮ ಬೀದಿಯ ಇಬ್ಬರು ಹೆಂಗಸರಿಗೆ ಸುಮ್ಮನೆ ಸ್ಕೂಟರ್ ಹೇಳಿಕೊಟ್ಟಿದ್ದೆ. ಅವರು ಚೆನ್ನಾಗಿಯೇ ಕಲಿತರು. ಇದನ್ನೇ ಕಸುಬು ಮಾಡಿಕೊಂಡರೆ ಹೇಗೆ ಅನ್ನಿಸಿತು. ಆದರೆ ಯಾರ ಕೈಕೆಳಗೂ ಇಲ್ಲದೆ ದುಡಿದು ನನಗೆ ಅಭ್ಯಾಸವೇ ಇರಲಿಲ್ಲ. ಸೂಪರ್‌ವೈಸರ್ ಬೈಯದಿದ್ದರೆ ದಿನ ಶುರುವಾಗುವುದು ಹೇಗೆ ಅಂತಲೇ ತಿಳಿಯುತ್ತಿರಲಿಲ್ಲ. ಯಾರೋ ವಾಟ್ಸಾಪಿನಲ್ಲಿ ಸ್ವಂತ ಉದ್ಯೋಗ ಮಾಡುವವರು ಓದಲೇಬೇಕಾದ ಪುಸ್ತಕಗಳ ಪಟ್ಟಿ ಕಳಿಸಿದ್ದರು. ಅದನ್ನೇ ಹಿಡಿದುಕೊಂಡು, ಓದಲು ಪುಸ್ತಕ ಕೊಡುವ ಆ ಶೆಡ್ಡಿಗೆ ಹೋದೆ.

ಅಂಕಲ್ ಪಟ್ಟಿಯನ್ನು ಪೂರ್ತಿ ಓದಿ ಫೋನ್ ವಾಪಸ್ ಕೊಟ್ಟರು. ಪಟ್ಟಿ ಕೆಟ್ಟದ್ದೇನಲ್ಲ, ಆದರೆ ನಿನ್ನನ್ನು ನೋಡಿ ಬರೆದದ್ದಲ್ಲ ಅಂದರು. ಕೆಲಸದಲ್ಲಿ ಎಲ್ಲಿ ಕಷ್ಟವಾಗುತ್ತದೆ ಅಂತ ಕೇಳಿದರು. ಕಲಿಯಲು ಬರುವವರು ಹೆದರುತ್ತಾರೆ, ಅವರು ಹೆದರಿದರೆ ನಾನು ಕಿರುಚಿಬಿಡುತ್ತೇನೆ ಅಂದೆ. ಅವರು ಎದ್ದು ಹೋಗಿ ತಂದುಕೊಟ್ಟದ್ದು ಯಾವುದೋ ಹಳ್ಳಿಯ ಸೂಲಗಿತ್ತಿ ಹೇಳಿ ಬರೆಸಿದ ತನ್ನ ಬದುಕಿನ ಕಥೆ.

ಸ್ಕೂಟರಿಗೂ ಹೆರಿಗೆಗೂ ಏನು ಸಂಬಂಧ ಅಂತ ಗೊಣಗಿಕೊಂಡೇ ಮನೆಗೆ ಬಂದೆ. ಓದುತ್ತಾ ಓದುತ್ತಾ ಅರ್ಥವಾಯಿತು. ನೋವಿನಲ್ಲಿರುವವರ ಹತ್ತಿರ ಆಕೆ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಿದ್ದಳು, ಅದೂ ಮೆಲ್ಲಗೆ. ನಾನೂ ಹಾಗೇ ಮಾಡಿ ನೋಡಿದೆ. ಆ ವಾರ ಮೈದಾನದಲ್ಲಿ ಯಾರೂ ಅಳಲಿಲ್ಲ.

ಅಂಕಲ್ ಅವರ ನಿಯಮ ಒಂದೇ. ಪುಸ್ತಕ ವಾಪಸ್ ಕೊಡುವಾಗ, ಓದಿ ಏನು ಮಾಡಿದೆ ಅಂತ ಹೇಳಬೇಕು. ಚೆನ್ನಾಗಿತ್ತು ಸಾರ್ ಅಂದರೆ, ಇನ್ನೊಂದು ವಾರ ಇಟ್ಟುಕೋ ಅನ್ನುತ್ತಿದ್ದರು. ಇಸ್ತ್ರಿ ಅಂಗಡಿಯವರು, ಮೆಸ್ ನಡೆಸುವ ಆಂಟಿ, ಎಲೆಕ್ಟ್ರಿಷಿಯನ್, ಎಲ್ಲರಿಗೂ ಇದೇ ಮಾತು. ಒಬ್ಬರಿಗೆ ಬೆನ್ನುನೋವಿನ ಪುಸ್ತಕ, ಒಬ್ಬರಿಗೆ ಜೇನು ಸಾಕುವವನ ಡೈರಿ, ಇನ್ನೊಬ್ಬರಿಗೆ ಪತ್ರ ಬರೆಯುವುದು ಹೇಗೆ ಅನ್ನುವುದು. ಯಾಕೆ ಕೊಟ್ಟರು ಅಂತ ತಿಳಿಯುವುದು ಓದಿದ ಮೇಲೆಯೇ.

ಎರಡನೇ ವರ್ಷ ಒಂದು ಅನಾಹುತವಾಯಿತು. ಕಲಿಯುತ್ತಿದ್ದ ಅಕ್ಕ ಒಬ್ಬರು ಗಾಬರಿಯಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತಿರುಗಿಸಿ ಬಿದ್ದರು. ಮಣಿಕಟ್ಟು ಮುರಿಯಿತು. ಅವರ ಗಂಡ ಮೈದಾನಕ್ಕೆ ಬಂದು, ಹೆಂಗಸಿನ ಹತ್ತಿರ ಕಲಿಯೋಕೆ ಕಳಿಸಿದ್ದೇ ತಪ್ಪಾಯ್ತು ಅಂತ ಎಲ್ಲರ ಮುಂದೆ ಕೂಗಾಡಿದರು. ನಾನು ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಶೆಡ್ಡಿಗೆ ಹೋಗಿ ಪುಸ್ತಕ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, ಕಲಿಸೋದು ನಿಲ್ಲಿಸಿದೆ ಅಂದೆ.

ಅಂಕಲ್ ಕೇಳಿದ್ದು ಒಂದೇ, ಆಕೆಯನ್ನು ಹೋಗಿ ನೋಡಿದೆಯಾ ಅಂತ. ಇಲ್ಲ ಅಂದೆ. ಮೊದಲು ಹೋಗಿ ಬಾ ಅಂದರು. ಹೋದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಆ ಅಕ್ಕ ಕಾಫಿ ಕೊಟ್ಟರು. ತಿರುಗಿಸಿದ್ದು ನನ್ನ ಕೈ, ನೀವ್ಯಾಕೆ ಕೊರಗ್ತೀರಿ ಅಂದರು. ಮನಸ್ಸು ಹಗುರವಾಯಿತು. ಆದರೂ ಇನ್ನೊಬ್ಬರನ್ನು ಸೀಟಿನ ಮೇಲೆ ಕೂರಿಸುವ ಧೈರ್ಯ ಬರಲಿಲ್ಲ. ಅದನ್ನೂ ಅಂಕಲ್ಲಿಗೆ ಹೇಳಿದೆ. ಅವರು ಮೇಜಿನ ಮೇಲಿದ್ದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

"ನಾಳೆ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಬರ್ತೀನಿ. ನನಗೆ ಕಲಿಸು."

"ಅಂಕಲ್, ಈ ವಯಸ್ಸಲ್ಲಿ ಯಾಕೆ ನಿಮಗೆ?"

"ಇಷ್ಟು ವರ್ಷ ಊರಿಗೆಲ್ಲ ಧೈರ್ಯ ಮಾಡಿ ಅಂತ ಪುಸ್ತಕ ಕೊಟ್ಟಿದ್ದೀನಿ. ನಾನು ಇವತ್ತಿನವರೆಗೂ ಒಂದು ಸೈಕಲ್ ಹತ್ತಿಲ್ಲಮ್ಮ."

ಅರವತ್ತು ದಾಟಿದ ಮನುಷ್ಯ. ಮಾರನೆಯ ದಿನ ಪ್ಯಾಂಟ್ ಮಡಚಿಕೊಂಡು ಬಂದು ನಿಂತಿದ್ದರು. ಶೆಡ್ಡಿನಲ್ಲಿ ನೀನು ಅನ್ನುತ್ತಿದ್ದವರು ಮೈದಾನದಲ್ಲಿ ನನ್ನನ್ನು ಮೇಡಂ ಅಂದರು. ಬೇಡ ಅಂದರೂ ಕೇಳಲಿಲ್ಲ, ಇಲ್ಲಿ ಕಲಿಸೋರು ನೀವು ಅಂದರು. ಸ್ಕೂಟರ್ ಹತ್ತಿ ಕೂತರು. ಎರಡು ಬೆರಳು ಬ್ರೇಕಿನ ಮೇಲಿರಲಿ ಅಂತ ಮೆಲ್ಲಗೆ ಹೇಳಿದೆ. ಅಷ್ಟು ಶಾಂತವಾದ ದನಿ ನನ್ನದೇನಾ ಅಂತ ನನಗೇ ಆಶ್ಚರ್ಯವಾಯಿತು.

ಮೂರು ತಿಂಗಳು ಹಿಡಿಯಿತು. ಎರಡು ಸಲ ಬಿದ್ದರು, ಧೂಳು ಕೊಡವಿಕೊಂಡು ಮತ್ತೆ ಹತ್ತಿದರು. ಅವರನ್ನು ನೋಡಿ ವಾಕಿಂಗಿಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನನ್ನ ನಂಬರ್ ಕೇಳಿದರು. ಮಣಿಕಟ್ಟು ಸರಿಹೋದ ಮೇಲೆ ಆ ಅಕ್ಕನೂ ವಾಪಸ್ ಬಂದರು.

ಲೈಸೆನ್ಸ್ ಸಿಕ್ಕಿದ ಮೇಲೆ ಅಂಕಲ್ ಸುಮ್ಮನೆ ಕೂರಲಿಲ್ಲ. ಸ್ವಂತ ಕೆಲಸ ಮಾಡುವವರಿಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲವಲ್ಲ, ಸ್ಕೂಟರಿನ ಡಿಕ್ಕಿಯ ತುಂಬ ಪುಸ್ತಕ ಹಾಕಿಕೊಂಡು ತಾವೇ ಹೊರಟರು. ಶ್ರೀನಗರದ ಟೈಲರ್, ಬನಶಂಕರಿಯ ಹೂವಿನ ಅಂಗಡಿ, ಎಲ್ಲೆಲ್ಲಿಗೋ... ದಾರಿಯಲ್ಲಿ ನಾನು ಎದುರಾದರೂ ತಿರುಗಿ ನೋಡುತ್ತಿರಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯಬಾರದು ಅಂತ ನಾನೇ ಹೇಳಿಕೊಟ್ಟಿದ್ದೆ. ಆ ನೆಟ್ಟಗಿನ ಬೆನ್ನು ನೋಡಿದಾಗೆಲ್ಲ ಹೆಮ್ಮೆಯಿಂದ ಎದೆ ತುಂಬಿಬರುತ್ತಿತ್ತು.

ಅವರು ತೀರಿಕೊಂಡು ಈಗ ಎರಡು ವರ್ಷ. ನಾಲ್ಕು ದಿನದ ಜ್ವರ, ಅಷ್ಟೇ. ಸುದ್ದಿ ತಿಳಿದು ಹೋದಾಗ ಮನೆ ತುಂಬ ನೆಂಟರು. ಯಾರ ಪರಿಚಯವೂ ಇಲ್ಲದೆ ಬಾಗಿಲ ಹತ್ತಿರವೇ ನಿಂತಿದ್ದೆ. ಅವರ ಹೆಂಡತಿ ಕಂಡು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಯಾರೋ ಹಿರಿಯರು, ಇವರು ಯಾರು ಅಂತ ಕೇಳಿದರು.

"ಇವರು ನಮ್ಮನೆಯವರ ಗುರುಗಳು" ಅಂದರು ಆಕೆ.

ಆ ಶೆಡ್ಡಿನಲ್ಲಿ ಈಗ ಕಾರು ನಿಲ್ಲುತ್ತದೆ. ಪುಸ್ತಕಗಳನ್ನು ಓದುಗರೇ ಹಂಚಿಕೊಂಡೆವು. ಏನು ಕೆಲಸ ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ, ಗಾರ್ಮೆಂಟ್ಸಲ್ಲಿದ್ದೆ, ಈಗ ಹೀಗೇ ಏನೋ... ಅಂತ ತಡವರಿಸುತ್ತಿದ್ದೆ. ಈಗ ಟೀಚರ್ ಅನ್ನುತ್ತೇನೆ. ಅದನ್ನು ಕೇಳಿಸಿಕೊಳ್ಳಲು ಅಂಕಲ್ ಇರಬೇಕಿತ್ತು.