ಚಳ್ಳಕೆರೆ ಮೇಲೆ ಹೋಗುವ ವಿಮಾನ

ಆವತ್ತು ಬೆಳಿಗ್ಗೆ ಒಂಬತ್ತರೊಳಗೆ ನಲ್ಲಿ ನೀರು ಹಿಡಿದು, ಅಂಗಳ ಗುಡಿಸಿ, ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಉಳಿದ ರೇಷ್ಮೆ ಎಳೆಯನ್ನು ಲಾಳಿಯ ಕಂಡಿಕೆಗೆ ಸುತ್ತಿಟ್ಟಿದ್ದೆ. ಅಷ್ಟೊತ್ತಿಗೆ ಯಜಮಾನರು ಮಗ್ಗದಿಂದ ಸೀರೆ ಕತ್ತರಿಸಿ ಎದ್ದರು.

ಮೊಳಕಾಲ್ಮೂರಿನ ನಮ್ಮ ಮಗ್ಗಕ್ಕೆ, ನಡುವೆ ಸಾಹುಕಾರರಿಲ್ಲದೆ, ಬೆಂಗಳೂರಿನ ಮನೆಯೊಂದು ನೇರವಾಗಿ ಹೇಳಿ ನೇಯಿಸಿದ ಮೊದಲ ಸೀರೆ ಅದು. ಧಾರೆ ಸೀರೆ. ಸೆರಗಿನ ಒಂದು ನವಿಲು ತಪ್ಪಿ, ಬಿಚ್ಚಿ ಮತ್ತೆ ನೇಯ್ದದ್ದರಿಂದ ಎರಡು ದಿನ ತಡವಾಗಿತ್ತು. ಇವತ್ತು ದೀಪ ಹಚ್ಚುವ ಹೊತ್ತಿಗೆ ದೇವರ ಮುಂದೆ ಇರಬೇಕು, ಇಲ್ಲದಿದ್ದರೆ ಅಂಗಡಿಯದ್ದೇ ತರುತ್ತೇವೆ ಎಂದು ಮದುವೆ ಹುಡುಗಿಯ ತಾಯಿ ಖಂಡಿತವಾಗಿ ಹೇಳಿದ್ದರು.

ಯಜಮಾನರು ಎಸ್‌ಟಿಡಿ ಬೂತಿನಿಂದ ಅವರಿಗೆ ಫೋನು ಮಾಡಿ, ಮುಖ ಅರಳಿಸಿಕೊಂಡು ಬಂದರು. ಬಳ್ಳಾರಿಯಾಚೆಯ ತೋರಣಗಲ್ಲಿನಿಂದ ವಿಮಾನ ಹಾರಲು ಶುರುವಾದ ಹೊಸತು.

"ಟಿಕೀಟು ಅವರೇ ತೆಗೀತಾರಂತೆ ಕಣೆ. ಬೆಂಗಳೂರಿಗೆ ಒಂದೇ ಗಂಟೆ. ಚಳ್ಳಕೆರೆಗಿಂತ ಹತ್ರ ಆತು."

"ಯಾವ ಕಡೆಯಿಂದ ಹೋಗ್ತದೋ ಅದು?" ಅತ್ತೆ ಕೇಳಿದರು.

"ಚಳ್ಳಕೆರೆ ಮೇಲೆ ಕಣವ್ವ."

"ಹಂಗಾದ್ರೆ ತೋರಣಗಲ್ಲಿಗೆ ಯಾಕೆ ಹೋಗ್ತೀಯಾ? ಚಳ್ಳಕೆರೆಯಾಗೇ ಹತ್ತು."

ಅತ್ತೆಗೆ ಗೊತ್ತಿದ್ದದ್ದು ಬಸ್ಸಿನ 'ಮೇಲೆ'. ಹಿರಿಯೂರು ಮೇಲೆ ಹೋಗುವ ಬಸ್ಸು ಹಿರಿಯೂರಿನಲ್ಲಿ ನಿಲ್ಲಲೇಬೇಕು.

"ಇದು ನಿಜವಾಗ್ಲೂ ಮ್ಯಾಲೇ ಹೋಗ್ತದವ್ವ, ಮೋಡದಾಗೆ."

"ಕೈ ಮಾಡಿದ್ರೆ ನಿಲ್ಲಿಸಲ್ಲ ಅಂದ್ರೆ ಅದೆಂಥ ಗಾಡಿಯೋ."

ಯಜಮಾನರು ನಕ್ಕರು. ನನಗೆ ಮಾತ್ರ ಮುದುಕಿ ಹೇಳಿದ್ದರಲ್ಲಿ ಹುರುಳು ಕಂಡಿತು. ಮಗಳ ಅಟ್ಲಾಸು ತೆಗೆದು, ಒಂದೆಳೆ ನೂಲನ್ನು ತೋರಣಗಲ್ಲಿನಿಂದ ಬೆಂಗಳೂರಿಗೆ ನೆಟ್ಟಗೆ ಎಳೆದು ಹಿಡಿದೆ. ನೂಲು ನಮ್ಮೂರಿನ ಪಕ್ಕದಲ್ಲೇ ಹಾದುಹೋಗಿತ್ತು. ಬಸ್ಸಿನಲ್ಲಿ ಬಡಗಲಿಗೆ ಹೋಗಿ, ಅದೇ ದಾರಿಯಲ್ಲಿ ತೆಂಕಲಿಗೆ ಹಾರಿ ಬರುವುದು. ಬಳ್ಳಾರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಮೊದಲೇ ಹೋಗಿ ಕಾಯುವುದು, ಮೂರಕ್ಕೆ ವಿಮಾನ, ಇಳಿದ ಮೇಲೆ ಆಟೋ. ಅವರ ಮನೆ ಮುಟ್ಟಲು ಐದೂವರೆ ಆಗುತ್ತಿತ್ತು. ಬಸ್ಸಿನಲ್ಲಿ ಈಗಲೇ ಹೊರಟರೆ ಐದಕ್ಕೆಲ್ಲ ಅಲ್ಲಿ.

"ಹಾರೋದು ಒಂದು ಗಂಟೆ ರೀ. ಹಾರೋಕೆ ಹೋಗೋದು ಐದು ಗಂಟೆ."

"ಜೀವನದಾಗೆ ಒಂದ್ಸಲ ಕಣೆ."

"ಬಸ್ಸು ಕೆಟ್ರೆ ಹಿಂದೇನೇ ಇನ್ನೊಂದು ಬರ್ತದೆ. ವಿಮಾನ ತಪ್ಪಿದ್ರೆ?"

ಅವರು ಎದ್ದು ಅಂಗಿ ಬದಲಿಸಿದರು. ಬೇಸರವಾಗಿದ್ದು ಗೊತ್ತಾಯಿತು, ನಾನು ಪಟ್ಟು ಬಿಡಲಿಲ್ಲ. ಸೀರೆಯನ್ನು ಮಡಿಪಂಚೆಯಲ್ಲಿ ಸುತ್ತಿಕೊಂಡು, ಮನೆ ಅತ್ತೆಗೆ ಒಪ್ಪಿಸಿ ನಾನೂ ಹೊರಟೆ. ಒಬ್ಬರನ್ನೇ ಬಿಟ್ಟರೆ ಬಳ್ಳಾರಿ ಬಸ್ಸು ಹತ್ತಿಬಿಟ್ಟಾರೆಂಬ ಗುಮಾನಿ.

ಚಳ್ಳಕೆರೆಯಲ್ಲಿ ಬೆಂಗಳೂರು ಬಸ್ಸು ತುಂಬಿಕೊಂಡೇ ಬಂತು.

"ಜಾಗ ಇಲ್ಲ, ಹಿಂದಿನದಕ್ಕೆ ಬರ್ರಿ" ಎಂದ ಕಂಡಕ್ಟರು.

"ಜಾಗ ಯಾರು ಕೇಳಿದ್ರಪ್ಪ? ನಿಂತ್ಕೊಂತೀವಿ" ಎಂದೆ.

ಮೆಟ್ಟಿಲಿಂದ ಇಳಿಯಲಿಲ್ಲ. ತುಮಕೂರಿನ ತನಕ ನಿಂತೇ ಹೋದೆವು, ಗಂಟನ್ನು ಒಬ್ಬರಾದ ಮೇಲೆ ಒಬ್ಬರು ಎದೆಗವಚಿಕೊಂಡು.

ಐದೂಕಾಲಿಗೆ ಅವರ ಮನೆ ಮುಟ್ಟಿದೆವು. ಹುಡುಗಿಯ ತಾಯಿ ಸೆರಗು ಬಿಡಿಸಿ, ನವಿಲುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಅಂಗಡಿಯವರಿಗೆ ಫೋನು ಮಾಡಿ, "ಬೇಡ, ನಮ್ಮ ಸೀರೆ ಬಂತು" ಎಂದರು. ಆಮೇಲೆ ಅದನ್ನು ತಟ್ಟೆಯಲ್ಲಿ ದೇವರ ಮುಂದಿಟ್ಟು ದೀಪ ಹಚ್ಚಿದರು.

ನಮಗೆ ಅಲ್ಲೇ ಊಟ ಹಾಕಿದರು. ಅನ್ನ, ಹುಳಿ, ಕೋಸಂಬರಿ, ಒಬ್ಬಟ್ಟು. ಯಜಮಾನರು ಮೂರು ಒಬ್ಬಟ್ಟು ತಿಂದರು, ನಾನು ಒಂದೂವರೆ. ಮಹಡಿಯ ಕೋಣೆಯಲ್ಲಿ ಚಾಪೆ ಕೊಟ್ಟರು. ನಾನು ದಿಂಬು ತರುವಷ್ಟರಲ್ಲಿ ಯಜಮಾನರಿಗೆ ನಿದ್ದೆ ಹತ್ತಿತ್ತು. ಊದಿದ ಕಾಲನ್ನು ಗೋಡೆಗೆ ಆನಿಸಿಕೊಂಡು ಸ್ವಲ್ಪ ಹೊತ್ತಿದ್ದು, ಆಮೇಲೆ ನಾನೂ ಮಲಗಿದೆ.